ಹೃದಯ ಕವಾಟದ ಕಾಯಿಲೆ ಹಾಗೂ ಒತ್ತಡಜನ್ಯ ಹೃದಯ ದೌರ್ಬಲ್ಯ: ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ

ಎದೆನೋವು, ಏದುಸಿರಿನಿಂದ ಆಸ್ಪತ್ರೆ ಸೇರುವವರೆಲ್ಲರಿಗೂ ಆಗಿರುವುದು ಹೃದಯಾಘಾತವೇ ಅಲ್ಲ. ಕವಾಟದ ಕಾಯಿಲೆ ಹಾಗೂ ತೀವ್ರ ಒತ್ತಡದಿಂದ ಹೃದಯದ ಸ್ನಾಯು ಸೋಲುವುದು ಸಹ ಕಾರಣವಾಗಿರಬಹುದು. ಮೊದಲನೆಯದನ್ನು ಬಹುಮಟ್ಟಿಗೆ ಊರಿನಲ್ಲಿಯೇ ತಡೆಯಬಹುದು. ಎರಡನೆಯದನ್ನು ಆಸ್ಪತ್ರೆಯಲ್ಲಿ ಮಾತ್ರ ಗುರುತಿಸಬಹುದು.

ಕವಾಟದ ಕಾಯಿಲೆ

ಪಂಪಿನ ನೀರು ಹಿಂದಿಳಿಯದಂತೆ ವಾಲ್ವ್ ತಡೆಯುವ ಹಾಗೆ, ಹೃದಯದ ನಾಲ್ಕು ಕವಾಟಗಳು ರಕ್ತ ಹಿಂದಿರುಗದಂತೆ ತಡೆಯುತ್ತವೆ. 5ರಿಂದ 15 ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ರೋಗಾಣುವಿನ ಗಂಟಲು ಸೋಂಕಿಗೆ ಚಿಕಿತ್ಸೆ ದೊರೆಯದಿದ್ದಲ್ಲಿ, ಕೆಲವರಿಗೆ ಎರಡು ಮೂರು ವಾರಗಳ ತರುವಾಯ ಜ್ವರ, ಕೀಲುಬಾವು ಬರುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುನೋವು ಮಾಯುತ್ತದೆ, ಕವಾಟಕ್ಕಾದ ಹಾನಿ ಉಳಿಯಬಹುದು. ವರ್ಷಗಳ ಬಳಿಕ ಕವಾಟ ಕಿರಿದಾಗಿ ಅಥವಾ ಸೋರಿ ಏದುಸಿರು ಆರಂಭವಾಗುತ್ತದೆ. ಗರ್ಭಿಣಿಯರಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಅದು ಮೊದಲ ಬಾರಿಗೆ ಆಗಲೇ ಬಯಲಾಗುವುದುಂಟು.

ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಪ್ರತಿ 3 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು, ವೈದ್ಯರು ಸೂಚಿಸಿದಷ್ಟು ವರ್ಷ ಅವಶ್ಯ. ತಪ್ಪಿದಲ್ಲಿ ಜ್ವರ ಮರುಕಳಿಸಿ ಕವಾಟ ಮತ್ತಷ್ಟು ಹಾಳಾಗುತ್ತದೆ. ಉಳ್ಳಾರ್ತಿ ಕಾವಲ್‌ನಂತಹ ಬಯಲುಸೀಮೆಯ ಊರುಗಳಿಂದ ಕುರಿ ಮೇಯಿಸಲು ಅಥವಾ ಕೂಲಿಗೆ ಹೊರಡುವ ಕುಟುಂಬಗಳ ಮಕ್ಕಳಿಗೆ ಈ ಚುಚ್ಚುಮದ್ದು ತಪ್ಪುವ ಸಂಭವ ಹೆಚ್ಚು. ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಅಥವಾ ಬದಲಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಲಭ್ಯವಿದೆ.

ಒತ್ತಡಜನ್ಯ ಹೃದಯ ದೌರ್ಬಲ್ಯ

1990ರಲ್ಲಿ ಜಪಾನಿನ ವೈದ್ಯರು ಇದನ್ನು ವಿವರಿಸಿ ‘ಟಾಕೊಟ್ಸುಬೊ’ ಎಂದರು. ಅದು ಅಲ್ಲಿ ಆಕ್ಟೋಪಸ್ ಹಿಡಿಯುವ, ಕಿರಿಗೊರಳಿನ ಮಡಕೆಯ ಹೆಸರು; ಹೃದಯದ ಎಡಕೋಣೆ ಉಬ್ಬಿ ಅದೇ ಆಕಾರ ತಾಳುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚು. ಆಪ್ತರ ಮರಣದಂತಹ ಆಘಾತವಲ್ಲದೆ, ಬೇರೆ ಕಾರಣಕ್ಕೆ ಆಸ್ಪತ್ರೆಯಲ್ಲಿರುವವರಿಗೆ ತೀವ್ರ ಸೋಂಕು, ಶಸ್ತ್ರಚಿಕಿತ್ಸೆ, ಪಾರ್ಶ್ವವಾಯುವಿನ ನಡುವೆಯೂ ಇದು ಬರುತ್ತದೆ. ಇಸಿಜಿಯಲ್ಲಿ ಹೃದಯಾಘಾತದಂತೆಯೇ ಕಾಣುತ್ತದೆ. ಆಂಜಿಯೋಗ್ರಾಮ್ ಮಾಡಿದಾಗ ಸಾಮಾನ್ಯವಾಗಿ ಅದಕ್ಕೆ ಕಾರಣವಾಗುವಂತಹ ರಕ್ತನಾಳದ ಅಡಚಣೆ ಇರುವುದಿಲ್ಲ. ಕೆಲವರಲ್ಲಿ ಕವಾಟವೂ ತಾತ್ಕಾಲಿಕವಾಗಿ ಸೋರುವುದರಿಂದ ಹಳೆಯ ಕವಾಟದ ಕಾಯಿಲೆಯೆಂದು ಭಾವಿಸುವ ಸಾಧ್ಯತೆಯಿದೆ. ಆದಕಾರಣ ಕೆಲವು ವಾರಗಳ ನಂತರ ಎಕೋ ಪರೀಕ್ಷೆಯನ್ನು ಪುನಃ ಮಾಡಿಸಬೇಕು. ಬಹುತೇಕರು ಚೇತರಿಸಿಕೊಳ್ಳುತ್ತಾರೆ, ಆದರೆ ಮೊದಲ ದಿನಗಳಲ್ಲಿ ಪ್ರಾಣಾಪಾಯವಿದೆ. ‘ದುಃಖಕ್ಕೆ ಹೀಗಾಗಿದೆ’ ಎಂದು ಮನೆಯಲ್ಲಿ ಉಳಿಸಿಕೊಳ್ಳುವುದು ಸರಿಯಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಎದೆನೋವು, ಏದುಸಿರು ಕಂಡ ಕೂಡಲೇ 108ಕ್ಕೆ ಕರೆ ಮಾಡಿಸಿ, ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸುವುದು. ಕಾರಣವನ್ನು ಊರಿನಲ್ಲಿ ಊಹಿಸಬಾರದು.

2. ಗಂಟಲುನೋವು, ಕೀಲುಬಾವು ಇರುವ ಮಕ್ಕಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದ ದಿನ ಶಾಲೆ, ಅಂಗನವಾಡಿಗಳಲ್ಲಿ ಪೂರ್ಣ ಹಾಜರಾತಿಗೆ ಶ್ರಮಿಸುವುದು.

3. ಚುಚ್ಚುಮದ್ದು ಪಡೆಯುತ್ತಿರುವ ಮಕ್ಕಳ ಕುಟುಂಬ ವಲಸೆ ಹೊರಡುವ ಮುನ್ನ ಚಿಕಿತ್ಸಾ ಚೀಟಿ ಜೊತೆಗಿರುವುದನ್ನು ಆಶಾ ಕಾರ್ಯಕರ್ತೆಯರ ಮೂಲಕ ಖಚಿತಪಡಿಸಿಕೊಳ್ಳುವುದು.

4. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವಾರ್ಷಿಕ 5 ಲಕ್ಷ ರೂ.ವರೆಗಿನ ಚಿಕಿತ್ಸಾ ಸೌಲಭ್ಯವಿರುವುದನ್ನು ಗ್ರಾಮಸಭೆಯಲ್ಲಿ ತಿಳಿಸುವುದು.