ಲಾರಿಗೆ ಇನ್ನೆರಡು ಪಟ್ಟಿ

ಕಬ್ಬು ಅರೆಯುವ ಕಾಲ ಬಂತೆಂದರೆ ಕೃಷ್ಣರಾಜಪೇಟೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಕಿಕ್ಕೇರಿ, ಅಕ್ಕಿಹೆಬ್ಬಾಳು, ಬೂಕನಕೆರೆ ಕಡೆಗಳಿಂದ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಲಾರಿ, ಟ್ರ್ಯಾಕ್ಟರುಗಳ ಹಿಂದೆ ಸೈಕಲ್ ತುಳಿಯುವ ಮಕ್ಕಳಿಗೆ ಕಾಣುವುದು ತೂಗಾಡುವ ಒಂದು ಕಬ್ಬಿನ ಗೋಡೆ ಮಾತ್ರ. ಜಲ್ಲೆಯೊಂದನ್ನು ಎಳೆದುಕೊಳ್ಳುವ ಆಸೆಯಿಂದ ಅವರು ಇನ್ನಷ್ಟು ಹತ್ತಿರಕ್ಕೇ ಹೋಗುತ್ತಾರೆ. ಆ ಗೋಡೆಯನ್ನು ಹೊತ್ತಿರುವುದು ಹಿಂದಿನ ಚಕ್ರಗಳ ಪಕ್ಕದಲ್ಲಿ ಬಿಲ್ಲಿನಂತೆ ಬಾಗಿರುವ ಒಂದು ಕಟ್ಟು ಉಕ್ಕಿನ ಪಟ್ಟಿಗಳು ಎಂಬುದನ್ನು ಗಮನಿಸುವವರು ಕಡಿಮೆ.

ಈ ಲಾರಿ ಡಾಂಬರು ರಸ್ತೆಗೆ ಬರುವ ಮೊದಲು ಗದ್ದೆಯ ಬದು, ನಾಲೆಯ ಏರಿ, ಮಳೆಗೆ ಕೊರೆದುಹೋದ ಬಂಡಿಜಾಡು ಎಲ್ಲವನ್ನೂ ದಾಟಿರುತ್ತದೆ. ಒಂದೆರಡು ಹಂಗಾಮು ಕಳೆಯುವುದರೊಳಗೆ ಹಿಂಭಾಗ ಕುಸಿದು ಕುಳಿತಂತೆ ಕಾಣುತ್ತದೆ. ಆಗ ಮಾಲೀಕರು ರಸ್ತೆಬದಿಯ ಪಟ್ಟಿ ಕೆಲಸದವನ ಬಳಿ ಲಾರಿ ನಿಲ್ಲಿಸಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಇನ್ನೆರಡು ಪಟ್ಟಿ ಸೇರಿಸ್ಬುಡಿ ಮೇಸ್ತ್ರಿ, ಎರಡು ಟನ್ ಜಾಸ್ತಿ ಹೊರಲಿ.’

ಎರಡು ಪಟ್ಟಿ ಸೇರಿಸಿದರೆ ಲಾರಿ ನಿಜವಾಗಿ ಎರಡು ಟನ್ ಹೆಚ್ಚು ಹೊರುತ್ತದೆಯೇ?

ಹೈಸ್ಕೂಲಿನ ಪಾಠದಲ್ಲಿ ಬರುವ ಹುಕ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಪ್ರಿಂಗಿನ ಮೇಲೆ ಭಾರ ಎಷ್ಟು ಪಾಲು ಹೆಚ್ಚಿದರೆ ಅದು ಬಾಗುವುದೂ ಅಷ್ಟೇ ಪಾಲು ಹೆಚ್ಚುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿ, ಎರಡು ವರ್ಷ ಬಿಟ್ಟು ಬಿಡಿಸಿ ಹೇಳಿದ. ತಾನು ಕಂಡದ್ದನ್ನು ಬೇರೆಯವರು ತಮ್ಮದೆಂದು ಹೇಳಿಬಿಟ್ಟಾರೆಂಬ ಭಯ ಆ ಕಾಲದ ವಿಜ್ಞಾನಿಗಳಿಗೂ ಇತ್ತು!

ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಒಂದು ಪ್ಲಾಸ್ಟಿಕ್ ಸ್ಕೇಲಿನ ತುದಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಚಾಚಿದ ತುದಿಗೆ ಒಂದು ಸಣ್ಣ ತೂಕ ನೇತುಹಾಕಿ. ಅದು 8 ಮಿಲಿಮೀಟರ್ ಬಾಗಿತೆನ್ನಿ. ಅದರ ಮೇಲೆ ಅಂಥದೇ ಇನ್ನೊಂದು ಸ್ಕೇಲನ್ನು ಸುಮ್ಮನೆ ಇಟ್ಟರೆ ಅದೇ ತೂಕಕ್ಕೆ ಬಾಗುವುದು ಸುಮಾರು 4 ಮಿಲಿಮೀಟರ್. ಎರಡನ್ನೂ ಗಟ್ಟಿಯಾಗಿ ಅಂಟಿಸಿಬಿಟ್ಟರೆ? ಎರಡಲ್ಲ, ಕೇವಲ 1 ಮಿಲಿಮೀಟರಿನ ಆಸುಪಾಸು. ಗಡಸುತನವು ದಪ್ಪದ ಘನದಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಗಡಸುತನ ಎಂಟು ಪಟ್ಟು.

ಹಾಗಿದ್ದ ಮೇಲೆ ಹತ್ತು ತೆಳು ಪಟ್ಟಿಗಳ ಗೊಡವೆ ಯಾಕೆ, ಒಂದೇ ದಪ್ಪ ಪಟ್ಟಿ ಸಾಲದೇ ಎಂದು ಚುರುಕಾದ ಹುಡುಗ ಕೇಳಿಯಾನು. ಸಾಲದು. ದಪ್ಪ ಪಟ್ಟಿಯನ್ನು ತೆಳು ಪಟ್ಟಿಯಷ್ಟೇ ಬಾಗಿಸಿದರೆ ಅದರ ಹೊರಮೈ ಹೆಚ್ಚು ಹಿಗ್ಗಬೇಕಾಗುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ತೆಳು ಪಟ್ಟಿಗಳು ಒಂದರ ಮೇಲೊಂದು ಜಾರುತ್ತ ನೋವಿಲ್ಲದೆ ಬಾಗುತ್ತವೆ. ಜಾರುವಾಗಿನ ಉಜ್ಜುವಿಕೆ ಲಾರಿಯ ಕುಣಿತವನ್ನೂ ಒಂದಿಷ್ಟು ನುಂಗಿಹಾಕುತ್ತದೆ. ಜಟಕಾ ಗಾಡಿಯ ಅಡಿಯಲ್ಲಿದ್ದದ್ದೂ ಇದೇ ಉಪಾಯ.

ಹತ್ತು ಪಟ್ಟಿಗಳ ಕಟ್ಟಿಗೆ ಅದೇ ಅಳತೆಯ ಎರಡನ್ನು ಸೇರಿಸಿದರೆ ಗಡಸುತನ ಸುಮಾರು ಐದನೇ ಒಂದು ಪಾಲು ಏರುತ್ತದೆ. 10 ಮಿಲಿಮೀಟರ್ ದಪ್ಪದವನ್ನು ತೆಗೆದು 12 ಮಿಲಿಮೀಟರಿನವನ್ನು ಹಾಕಿದರೆ ಮುಕ್ಕಾಲು ಪಾಲಿನಷ್ಟು ಏರಿಬಿಡುತ್ತದೆ. ಕುಸಿದ ಲಾರಿ ಎದ್ದು ನಿಲ್ಲುವುದೇನೋ ನಿಜ. ತೊಂದರೆ ಬರುವುದು ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಹಿಂದಿರುಗುವಾಗ.

ಭಾರ ಹೊತ್ತಾಗ ಹಿಂದಿನ ಪಟ್ಟಿ 10 ಸೆಂಟಿಮೀಟರ್ ಇಳಿಯುತ್ತದೆ, ಖಾಲಿಯಿದ್ದಾಗ ಎರಡೂವರೆ ಎಂದಿಟ್ಟುಕೊಳ್ಳೋಣ. ಆಗ ಲಾರಿಯ ಸಹಜ ಕುಣಿತ ಸೆಕೆಂಡಿಗೆ ಭಾರದಲ್ಲಿ ಒಂದೂವರೆ ಬಾರಿ, ಖಾಲಿಯಲ್ಲಿ ಮೂರು ಬಾರಿ. ಪಟ್ಟಿಯ ಗಡಸುತನವನ್ನು ಇಮ್ಮಡಿಸಿದರೆ ಖಾಲಿ ಲಾರಿ ಸೆಕೆಂಡಿಗೆ ನಾಲ್ಕೂವರೆ ಬಾರಿ ಕುಣಿಯುತ್ತದೆ. ಕುಳಿತ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ತಾಗುವ ಕಂಪನ ಸೆಕೆಂಡಿಗೆ ನಾಲ್ಕರಿಂದ ಎಂಟರವರೆಗಿನದು. ಡ್ರೈವರು ಸಂಜೆ ಮನೆಗೆ ಬಂದು ಸೊಂಟ ಹಿಡಿದುಕೊಂಡರೆ ಅದಕ್ಕೆ ವಯಸ್ಸೊಂದೇ ಕಾರಣವಲ್ಲ. ಅದಕ್ಕಿಂತ ಅಪಾಯದ್ದೆಂದರೆ, ಹೀಗೆ ಪುಟಿಯುವ ಹಿಂದಿನ ಚಕ್ರಗಳು ಆಗಾಗ ನೆಲ ಬಿಡುತ್ತವೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವೇನು?

ಬ್ರೇಕಿನ ಮಾತು ಬಂದಾಗ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಎಷ್ಟೋ ಲಾರಿಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಸಣ್ಣ ಸರಳೊಂದು ಕೂಡಿಸಿದ ವಾಲ್ವ್ ಇರುತ್ತದೆ. ಲಾರಿ ಎಷ್ಟು ತಗ್ಗಿದೆ ಎಂಬುದನ್ನು ನೋಡಿ ಭಾರವನ್ನು ಅಂದಾಜು ಮಾಡಿ, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕೆಂದು ಅದು ತೀರ್ಮಾನಿಸುತ್ತದೆ. ಪಟ್ಟಿ ಗಡಸಾಗಿ ಲಾರಿ ತಗ್ಗದೇ ಹೋದರೆ, ತುಂಬಿದ ಲಾರಿಯನ್ನೂ ಈ ವಾಲ್ವ್ ಖಾಲಿಯೆಂದೇ ತಿಳಿಯುತ್ತದೆ! ಬ್ರೇಕು ಹೆಚ್ಚು ಬೇಕಾದಾಗಲೇ ಕಡಿಮೆ ಸಿಗುತ್ತದೆ. ಮುಂದೆ ಸೈಕಲ್ಲಿನಲ್ಲಿ ಮಕ್ಕಳು ಹೋಗುತ್ತಿರುವ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ.

ಪಟ್ಟಿ ಬಲಗೊಂಡ ಮಾತ್ರಕ್ಕೆ ಆಕ್ಸಲ್, ಟೈರು, ಬ್ರೇಕ್ ಡ್ರಮ್ಮು, ಚಾಸಿ ಬಲಗೊಳ್ಳುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರುಗಳ ಒಂಟಿ ಆಕ್ಸಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅದೇ ಆಕ್ಸಲಿನ ಮೇಲೆ 15 ಟನ್ ಹೇರಿದರೆ ಭಾರ ಹೆಚ್ಚುವುದು ಮೂರನೇ ಒಂದು ಪಾಲಿಗಿಂತ ಕಡಿಮೆ, ಆದರೆ ರಸ್ತೆಗೆ ಬೀಳುವ ಪೆಟ್ಟು ಹತ್ತಿರ ಹತ್ತಿರ ಮೂರು ಪಟ್ಟು. ರಸ್ತೆ ಹಾಳಾಗುವುದು ಆಕ್ಸಲ್ ಭಾರದ ನಾಲ್ಕನೇ ಘಾತದಂತೆ ಎಂಬ ಈ ಲೆಕ್ಕ ಸಿಕ್ಕಿದ್ದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ. ಅಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಸುತ್ತು ಹಾಕಿಸಿ ಪರೀಕ್ಷೆ ನಡೆಸಿದ್ದರು.

ಹಾಗೆಂದು ಪಟ್ಟಿ ಬಲಪಡಿಸುವುದೇ ತಪ್ಪೆಂದಲ್ಲ. ಬೇಸಿಗೆಯಲ್ಲಿ ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್‌ವೆಲ್ ಲಾರಿಗಳನ್ನು ನೋಡಿ. ಕೊರೆಯುವ ಯಂತ್ರ, ಕಂಪ್ರೆಸರ್ ಅವುಗಳ ಬೆನ್ನಿನಿಂದ ಇಳಿಯುವುದೇ ಇಲ್ಲ. ಭಾರ ಸದಾ ಒಂದೇ ಆಗಿರುವುದರಿಂದ ಅದಕ್ಕೆ ತಕ್ಕ ಗಡಸು ಪಟ್ಟಿಯನ್ನು ಲೆಕ್ಕ ಹಾಕಿ ಕೂಡಿಸಬಹುದು. ಕಬ್ಬಿನ ಲಾರಿಯ ಬಾಳು ಬೇರೆ: ಹೋಗುವಾಗ ತುಂಬಿದ್ದು, ಬರುವಾಗ ಖಾಲಿ. ಇದಕ್ಕೆ ಒಪ್ಪುವುದು ಮುಖ್ಯ ಕಟ್ಟಿನ ಮೇಲೆ ಕೂಡಿಸುವ ‘ಹೆಲ್ಪರ್’ ಕಟ್ಟು. ಖಾಲಿಯಿದ್ದಾಗ ಅದು ಸುಮ್ಮನಿರುತ್ತದೆ. ಲಾರಿ ಇಷ್ಟು ತಗ್ಗಿತೆಂದಾಗ ಮಾತ್ರ ಅದರ ತುದಿಗಳು ಚಾಸಿಯ ಒರಗಿಗೆ ತಾಗಿ ಹೊರೆಗೆ ಹೆಗಲು ಕೊಡುತ್ತದೆ. ಇದನ್ನೂ ತಯಾರಕರು ಆ ಮಾದರಿಗೆ ಗೊತ್ತು ಮಾಡಿದ ಅಳತೆಯಲ್ಲೇ ಹಾಕಿಸಬೇಕು. ನೋಂದಣಿ ಪತ್ರದಲ್ಲಿರುವ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಡೆಯುತ್ತದೆ. ಈಚಿನ ಲಾರಿಗಳಲ್ಲಿ ನಡುವೆ ದಪ್ಪ, ತುದಿಗೆ ತೆಳುವಾದ ಕೆಲವೇ ಪಟ್ಟಿಗಳ ಕಟ್ಟು ಇರುವುದುಂಟು. ಅವುಗಳ ನಡುವೆ ಹಳೆಯ ಮಾದರಿಯ ಪಟ್ಟಿ ತೂರಿಸುವುದಂತೂ ಕೂಡದು.

ಕುಸಿದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಬಡಿದು ಮತ್ತೆ ಬಾಗಿಸುವ ಪದ್ಧತಿಯೂ ಇದೆ. ಗುಟ್ಟಿರುವುದು ಹದದಲ್ಲಿ. ಕೆಂಪಗೆ ಕಾಯ್ದ ಉಕ್ಕನ್ನು ಎಣ್ಣೆಯಲ್ಲಿ ತಣಿಸಿದರೆ ಗಾಜಿನಂತೆ ಗಡಸಾಗುತ್ತದೆ. ಅದನ್ನು ಇನ್ನೊಮ್ಮೆ, ಕೆಂಪೇರದಂತೆ, ಹದವಾಗಿ ಕಾಯಿಸಿದರೆ ಮಾತ್ರ ಪುಟಿಯುವ ಗುಣ ಬರುತ್ತದೆ. ಈ ಎರಡನೇ ಕಾಯಿಸುವಿಕೆಯನ್ನು ಅವಸರದಲ್ಲಿ ಬಿಟ್ಟರೆ ಪಟ್ಟಿ ಮುರಿಯುತ್ತದೆ. ಎಣ್ಣೆಯನ್ನೇ ಬಿಟ್ಟರೆ ವಾರದಲ್ಲಿ ಮತ್ತೆ ಕುಸಿಯುತ್ತದೆ. ಮುರಿದದ್ದಕ್ಕೆ ವೆಲ್ಡಿಂಗ್ ಹಾಕಿದರೆ ಪಕ್ಕದ ಹದ ಕೆಟ್ಟು ಅಲ್ಲೇ ಮತ್ತೆ ಮುರಿಯುತ್ತದೆ.

ನಿಂತಿರುವ ಖಾಲಿ ಲಾರಿಯೊಂದು ಸಿಕ್ಕರೆ ಡ್ರೈವರನ್ನು ಕೇಳಿಕೊಂಡು, ಮಕ್ಕಳೊಡನೆ ಹಿಂದಿನ ಚಕ್ರದ ಪಕ್ಕ ಬಗ್ಗಿ ನೋಡಿ. ಹೆಲ್ಪರ್ ಕಟ್ಟಿನ ತುದಿಗೂ ಒರಗಿಗೂ ನಡುವೆ ಸಂದು ಕಾಣಬೇಕು. ಉಳಿದ ಕಡೆ ಮಣ್ಣು, ತುಕ್ಕು ಹಿಡಿದಿದ್ದರೂ ತುದಿಯ ಆ ಜಾಗ ಮಾತ್ರ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿರುತ್ತದೆ. ಖಾಲಿ ಲಾರಿಯಲ್ಲೂ ಸಂದು ಮುಚ್ಚಿಹೋಗಿದ್ದರೆ, ಕೆಳಗಿನ ಮುಖ್ಯ ಕಟ್ಟು ಆಗಲೇ ಕುಸಿದಿದೆ ಎಂದೇ ಲೆಕ್ಕ.