ಒಂದೇ ಕೋವಿ ಎಲ್ಲ ಕೆಲಸಕ್ಕೂ ಆದೀತೇ?

ಶೇಂಗಾ ಕಾಯಿ ಕಟ್ಟುವ ಕಾಲಕ್ಕೆ ಸರಿಯಾಗಿ ನಮ್ಮ ಕಡೆ ಕೋವಿಯ ಮಾತು ಶುರುವಾಗುತ್ತೆ. ನನ್ನ ಹತ್ತಿರ ಲೈಸನ್ಸ್ ಕೋವಿ ಇರೋದರಿಂದ ಊರಿನವರು ನನ್ನನ್ನೇ ಕೇಳುತ್ತಾರೆ. ಹಂದಿ ಓಡಿಸಲಿಕ್ಕೂ ಆಗಬೇಕು, ಹೊಲದ ಮನೆ ಕಾವಲಿಗೂ ಬೇಕು, ರಾತ್ರಿ ನಡೆದು ಬರುವಾಗ ಧೈರ್ಯಕ್ಕೂ ಇರಬೇಕು, ಅಂಥ ಒಂದೇ ಕೋವಿ ಯಾವುದು ಅಂತ. ಈಚೆಗೆ ಹುಡುಗರು ಇನ್ನೊಂದು ಸೇರಿಸಿದ್ದಾರೆ: "ಉದ್ದ ಕೋವಿ ಯಾಕೆ ಮಾವ, ಒಂದು ಪಿಸ್ತೂಲು ತಗೊಂಡ್ರೆ ಎಲ್ಲದಕ್ಕೂ ಆಗಲ್ವಾ?"

ಒಬ್ಬೊಬ್ಬರಿಗೆ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ದುಡ್ಡು ಹಾಕುವ ಮೊದಲು ಓದಿದರೆ ಒಳ್ಳೆಯದು.

ಮೊದಲು ಕೆಲಸ ಎಣಿಸಿ

ಕುಂಟೆ, ಕೂರಿಗೆ, ಎಡೆಕುಂಟೆ ಮೂರೂ ಒಂದೇ ಆಗೋದಿಲ್ಲ ಅಂತ ನಮಗೆ ಗೊತ್ತು. ಕೋವಿಯದ್ದೂ ಅಷ್ಟೆ. ರೈತನಿಗೆ ಕೋವಿಯಿಂದ ಆಗಬೇಕಾದ ಕೆಲಸ ಮೂರು. ಒಂದು, ಸದ್ದು ಮಾಡಿ ಪ್ರಾಣಿ ಓಡಿಸೋದು. ಎರಡು, ಅನುಮತಿ ಇದ್ದಾಗ ಬೆಳೆ ಹಾಳು ಮಾಡುವ ಹಂದಿಗೆ ಹೊಡೆಯೋದು. ಮೂರು, ಒಂಟಿ ಮನೆಯವರಿಗೆ ಜೀವ ರಕ್ಷಣೆ. ನೂರು ರಾತ್ರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ರಾತ್ರಿ ಬೇಕಾಗೋದು ಮೊದಲನೆಯದೇ. ಆ ಕೆಲಸವನ್ನು ತಮಟೆ, ಪಟಾಕಿಯೂ ಅಷ್ಟಿಷ್ಟು ಮಾಡುತ್ತವೆ ಅನ್ನೋದನ್ನು ಮರೆಯಬಾರದು.

ಪಿಸ್ತೂಲು, ರಿವಾಲ್ವರು

ಸೇನೆ, ಪೊಲೀಸರು ಬಳಸುವ 9 ಎಂಎಂ ಪಿಸ್ತೂಲು ನಮ್ಮಂಥವರಿಗೆ ಕೊಡೋದಿಲ್ಲ. ಸಾಮಾನ್ಯವಾಗಿ ಸಿಗೋದು .32 ಅಳತೆಯದು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಮಾಡಿದ ಆರು ಗುಂಡಿನ .32 ರಿವಾಲ್ವರು ಹೆಚ್ಚು ಬಳಕೆಯಲ್ಲಿದೆ. ಬೆಲೆ ಒಂದು ಒಳ್ಳೆ ಜೊತೆ ಎತ್ತಿನ ಲೆಕ್ಕಕ್ಕೆ ಹೋಗುತ್ತೆ.

ಸೊಂಟದಲ್ಲಿ ಇಟ್ಟುಕೊಳ್ಳಬಹುದು, ಒಂದು ಕೈಲಿ ಬ್ಯಾಟರಿ, ಇನ್ನೊಂದು ಕೈಲಿ ರಿವಾಲ್ವರು ಹಿಡಿಯಬಹುದು ಅನ್ನೋದು ಅದರ ಪರವಾದ ಮಾತು. ಅದು ಸುಳ್ಳಲ್ಲ. ಆದರೆ ಗುರಿಯ ಲೆಕ್ಕ ನೋಡಿ. ಗುರಿ ನೋಡುವ ಎರಡು ಕಣ್ಣಿಗಳ ನಡುವೆ ರಿವಾಲ್ವರಿನಲ್ಲಿ ಹೆಚ್ಚುಕಡಿಮೆ 10 ಸೆಂಟಿಮೀಟರು ಇರುತ್ತೆ. ಮುಂದಿನ ತುದಿ ಒಂದು ಮಿಲಿಮೀಟರು ಅಲುಗಿದರೆ 20 ಮೀಟರು ದೂರದಲ್ಲಿ ಗುಂಡು 20 ಸೆಂಟಿಮೀಟರು, ಅಂದರೆ ಸುಮಾರು ಒಂದು ಗೇಣು ಆಚೆ ಹೋಗುತ್ತೆ. 70 ಸೆಂಟಿಮೀಟರು ನಳಿಗೆಯ ಕೋವಿಯಲ್ಲಿ ಅಷ್ಟೇ ಅಲುಗಿದರೆ ತಪ್ಪೋದು 3 ಸೆಂಟಿಮೀಟರು ಮಾತ್ರ. ಉದ್ದ ಕೋವಿಗೆ ಭುಜದ ಆಸರೆಯೂ ಇರುತ್ತೆ. ಕತ್ತಲಲ್ಲಿ, ಏದುಸಿರು ಬಿಡುತ್ತಾ, ಓಡುವ ಹಂದಿಗೆ ರಿವಾಲ್ವರಿನಲ್ಲಿ ಗುರಿ ಸಿಗೋದು ಅನುಮಾನ.

ಸಿಕ್ಕರೂ ತೊಂದರೆಯೇ. .32 ಗುಂಡು ಸಣ್ಣದು. ದಪ್ಪ ಚರ್ಮದ ಹಂದಿಯಾಗಲಿ ಕರಡಿಯಾಗಲಿ ಅದಕ್ಕೆ ಅಲ್ಲೇ ಬೀಳೋದಿಲ್ಲ. ಗಾಯವಾದ ಪ್ರಾಣಿ ಪೊದೆಯಲ್ಲಿ ಮಲಗಿರುತ್ತೆ. ಬೆಳಿಗ್ಗೆ ಆ ದಾರೀಲಿ ಬರೋದು ಹುಲ್ಲಿಗೆ ಹೋಗುವ ಹೆಣ್ಣುಮಕ್ಕಳು.

ಕಾಯಿದೆಯೂ ಇದನ್ನು ಬೇರೆಯಾಗಿಯೇ ನೋಡುತ್ತೆ. 1959ರ ಆಯುಧ ಕಾಯಿದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಹೇಳಿರುವುದು ನಳಿಗೆ ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ ಕೊಡಬಹುದು. ರಿವಾಲ್ವರಿಗೆ ಬೆಳೆಯ ಕಾರಣ ನಡೆಯೋದಿಲ್ಲ, ಜೀವಕ್ಕೆ ಅಪಾಯ ಇದೆ ಅಂತ ತೋರಿಸಬೇಕು.

ಕೇಪಿನ ಕೋವಿ

ನಮ್ಮ ಹಿರಿಯರ ಕೋವಿ ಇದೇ. ಮದ್ದು, ಚರೆ ಬಾಯಿಂದ ತುಂಬಿ, ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯೋದು. ಬೆಲೆ ಕಮ್ಮಿ, ಸದ್ದು ಜೋರು. ಬೆದರಿಸೋದಕ್ಕೆ ಇದಕ್ಕಿಂತ ಬೇರೆ ಬೇಡ.

ದೋಷವೂ ಇದೆ. ಒಂದು ಈಡು ಹಾರಿದರೆ ಮತ್ತೆ ತುಂಬೋದಕ್ಕೆ ಒಂದೆರಡು ನಿಮಿಷ ಬೇಕು. ಶೇಂಗಾ ಬಲಿಯುವ ಕಾಲ ಮಳೆಯ ಕಾಲ; ಮದ್ದು ಥಂಡಿ ಹಿಡಿದರೆ ಕೇಪು ಸಿಡಿದರೂ ಈಡು ಹಾರೋದಿಲ್ಲ. ಕೆಲವು ಸಲ ತಡವಾಗಿ ಹಾರುತ್ತೆ. ಹಾರಲಿಲ್ಲ ಅಂತ ನಳಿಗೆಯ ಬಾಯಿ ಇಣುಕಿ ನೋಡಬಾರದು. ಬಾಯನ್ನು ಜನ ಇಲ್ಲದ ಕಡೆ ಹಿಡಿದು ಒಂದೆರಡು ನಿಮಿಷ ಹಾಗೇ ನಿಲ್ಲಬೇಕು. ತುಂಬಿದ ಈಡನ್ನು ಸುಲಭವಾಗಿ ತೆಗೆಯೋದಕ್ಕೂ ಆಗಲ್ಲ, ಹಾಗಾಗಿ ತುಂಬಿದ ಕೋವಿಯನ್ನೇ ಮನೆಗೆ ತರುವ ಕೆಟ್ಟ ಅಭ್ಯಾಸ ಬೆಳೆಯುತ್ತೆ. ಕರಿಮದ್ದಿನ ಮಸಿ ನಳಿಗೆಗೆ ತುಕ್ಕು ಹಿಡಿಸುತ್ತೆ; ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಬಟ್ಟೆ ಆಡಿಸಬೇಕು.

ತೋಟೆ ಕೋವಿ

ನನ್ನ ಹತ್ತಿರ ಇರೋದು ಒಂಟಿ ನಳಿಗೆಯ 12 ಬೋರಿನ ತೋಟೆ ಕೋವಿ. 12 ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪೌಂಡು ಸೀಸದಲ್ಲಿ 12 ಸಮನಾದ ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪ ಆಗುತ್ತೋ ಅಷ್ಟು ಆ ನಳಿಗೆಯ ಒಳ ಅಗಲ, ಸುಮಾರು 18.5 ಮಿಲಿಮೀಟರು.

ಇದರ ಗುಣ ಇರೋದು ತೋಟೆಯಲ್ಲಿ. ಕೋವಿ ಒಂದೇ ಆದರೂ ತೋಟೆ ಬದಲಾಯಿಸಿದರೆ ಕೆಲಸ ಬದಲಾಗುತ್ತೆ. 4, 6 ನಂಬರಿನದು ಸಣ್ಣ ಚರೆ. ನಂಬರು ಹೆಚ್ಚಿದಷ್ಟೂ ಚರೆ ಸಣ್ಣದು. ಎಲ್‌ಜಿ, ಎಸ್‌ಜಿ ಅನ್ನೋದು ದೊಡ್ಡ ಚರೆ. ಒಂಟಿ ಗುಂಡಿನ ತೋಟೆಯೂ ಇದೆ. ಒಂದೇ ಕೋವಿ ಬೇಕು ಅನ್ನುವವನ ಆಸೆಗೆ ಹತ್ತಿರ ಬರೋದು ಇದೊಂದೇ. ಮಳೆಗೆ ತೋಟೆ ಅಷ್ಟು ಬೇಗ ಕೆಡೋದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಳಿಗೆ ಮಡಿಸಿ ತೋಟೆ ತೆಗೆದರೆ ಕೋವಿ ಖಾಲಿ ಅಂತ ಕಣ್ಣಾರೆ ಕಾಣುತ್ತೆ.

ಚರೆ ಹರಡುತ್ತಾ ಹೋಗುತ್ತೆ, 35-40 ಗಜ ದಾಟಿದರೆ ಕೆಲಸಕ್ಕೆ ಬಾರದು. ಆದರೆ ಕೆಲಸಕ್ಕೆ ಬಾರದ ದೂರದಲ್ಲೂ ಮನುಷ್ಯನ ಕಣ್ಣು ತೆಗೆಯಬಲ್ಲದು. ಒಂಟಿ ಗುಂಡಂತೂ ನೂರಾರು ಗಜ ಹೋಗುತ್ತೆ. ಬಯಲುಸೀಮೆಯ ಹೊಲದಲ್ಲಿ ತಡೆಯೋದಕ್ಕೆ ಮರ ಇಲ್ಲ, ಗುಡ್ಡ ಇಲ್ಲ. ಹಿಂದೆ ಏನಿದೆ ಅಂತ ಗೊತ್ತಿಲ್ಲದಿದ್ದರೆ ಹೊಡೆಯಲೇಬಾರದು.

ಜೋಡಿ ನಳಿಗೆ ಬೇಕೇ ಅಂತ ಕೇಳುತ್ತಾರೆ. ಎರಡನೇ ಈಡು ಕೈಲಿರುತ್ತೆ ನಿಜ. ತೂಕ, ಬೆಲೆ ಎರಡೂ ಹೆಚ್ಚು. ಒಂದು ಹಾರಿಸಿ ಇನ್ನೊಂದನ್ನು ಮರೆತು ಮನೆಗೆ ಬರುವ ಅಪಾಯವೂ ಇದೆ. ಸಣ್ಣ ರೈತನಿಗೆ ಒಂಟಿ ನಳಿಗೆ ಸಾಕು.

ಏರ್‌ಗನ್ನಿನ ಬಗ್ಗೆ ಎರಡೇ ಮಾತು. 4.5 ಎಂಎಂ ಒಳಗಿನ, 20 ಜೂಲ್ ಶಕ್ತಿ ಮೀರದ್ದಕ್ಕೆ ಲೈಸನ್ಸ್ ಬೇಡ. ಆದರೆ ಹಂದಿಗೆ ಅದು ಸೊಳ್ಳೆ ಕಚ್ಚಿದ ಹಾಗೆ.

ಲೈಸನ್ಸ್ ಬೇರೆ, ಹೊಡೆಯುವ ಅನುಮತಿ ಬೇರೆ

ನಮ್ಮವರು ಹೆಚ್ಚು ಸಿಕ್ಕಿಬೀಳೋದು ಇಲ್ಲೇ. ಕೋವಿ ಲೈಸನ್ಸ್ ಜಿಲ್ಲಾಧಿಕಾರಿ ಕೊಡುತ್ತಾರೆ. ಅದು ಕೋವಿ ಇಟ್ಟುಕೊಳ್ಳೋದಕ್ಕೆ, ಪ್ರಾಣಿ ಹೊಡೆಯೋದಕ್ಕಲ್ಲ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಆದಾಗ 11ನೇ ಕಲಮಿನ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಬಹುದು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸೊತ್ತು, ನಮ್ಮ ಸಾರಿಗಲ್ಲ. ನವಿಲು, ಕೃಷ್ಣಮೃಗ, ಕರಡಿ, ಚಿರತೆ ಒಂದನೇ ಪಟ್ಟಿಯವು. ಬೆಳೆ ತಿಂದಿತು ಅಂತ ಇವಕ್ಕೆ ಅನುಮತಿ ಸಿಗೋದೇ ಇಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಬೇರೆ ಮಾತು.

ಇನ್ನು ಕೆಲವು ಸಂಗತಿ: 2019ರ ತಿದ್ದುಪಡಿಯಿಂದ ಒಬ್ಬರಿಗೆ ಎರಡೇ ಕೋವಿ, ಲೈಸನ್ಸಿನ ಅವಧಿ ಐದು ವರ್ಷ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಪ್ಪನ ಕೋವಿ ಇದ್ದವರು ಹೊಸದು ಕೊಳ್ಳುವ ಮೊದಲು ಯೋಚಿಸಿ: 2016ರ ನಿಯಮದಂತೆ ಲೈಸನ್ಸುದಾರ ತೀರಿಕೊಂಡರೆ, 70 ವರ್ಷ ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಇಟ್ಟುಕೊಂಡಿದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮಗಿಲ್ಲ. ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಅಂತ ಆದೇಶ ಬರೋದುಂಟು. ಅಷ್ಟು ದಿನ ಹೊಲಕ್ಕೆ ಕೋವಿ ಇಲ್ಲ ಅಂತಲೇ ತಿಳಿದು ತಮಟೆ, ಬೇಲಿ ಸಿದ್ಧ ಇಟ್ಟುಕೊಂಡಿರಬೇಕು.

ಅಗ್ಗಕ್ಕೆ ಸಿಗುತ್ತೆ ಅಂತ ನಾಡಪಿಸ್ತೂಲು, ಕಳ್ಳಕೋವಿ ತರಬೇಡಿ. ಹಿಡಿದರೆ ಜೈಲು, ನಳಿಗೆ ಸಿಡಿದರೆ ಕೈಬೆರಳೇ ಇಲ್ಲ.

ಮನೆಯಲ್ಲಿ ಇಡೋದು

ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ. ರಿವಾಲ್ವರು ಬೇಡ ಅನ್ನೋದಕ್ಕೆ ನನ್ನ ದೊಡ್ಡ ಕಾರಣ ಇದೇ. ಅದು ತಲೆದಿಂಬಿನ ಕೆಳಗೆ ಹೋಗುತ್ತೆ, ಜೇಬಿಗೆ ಹೋಗುತ್ತೆ, ಆಮೇಲೆ ಮಕ್ಕಳ ಕೈಗೂ ಹೋಗುತ್ತೆ. ಬದುವಿನ ಜಗಳಕ್ಕೆ, ಕುಡಿದ ಮಾತಿಗೆ ಬೇಗ ಕೈಗೆ ಸಿಗೋದೂ ಅದೇ. ಮಡಿಸಿ, ತೋಟೆ ಹಾಕಿ, ಕುದುರೆ ಎಳೆದು ಹೊಡೆಯಬೇಕಾದ ಉದ್ದ ಕೋವಿ ಅಷ್ಟು ಹೊತ್ತು ಮನುಷ್ಯನಿಗೆ ಯೋಚನೆಗೆ ಅವಕಾಶ ಕೊಡುತ್ತೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರೋದಿಲ್ಲ.

ರಾತ್ರಿ ಹೊಲದಲ್ಲಿ ಇನ್ನೊಂದು ನೆನಪಿರಲಿ. ಬ್ಯಾಟರಿ ಬೆಳಕಿಗೆ ಹೊಳೆಯೋದೆಲ್ಲ ಹಂದಿಯ ಕಣ್ಣಲ್ಲ. ದನದ್ದೂ ನಾಯಿಯದ್ದೂ ಹೊಳೆಯುತ್ತೆ. ಹಂದಿ ಅಂತ ತಿಳಿದು ಮನುಷ್ಯನಿಗೇ ಹೊಡೆದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತೆ. ಪೂರ್ತಿ ಮೈ ಕಾಣುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಲಿ. ಪಕ್ಕದ ಹೊಲದ ಕಾವಲಿನವರು ಎಲ್ಲಿ ಮಲಗಿದ್ದಾರೆ ಅಂತ ಸಂಜೆಯೇ ಕೇಳಿಕೊಳ್ಳಿ.

ಹಾಗಾದರೆ ಯಾವುದು?

ಬರೀ ಬೆದರಿಸೋದಾದರೆ ಕೇಪಿನ ಕೋವಿ ಸಾಕು. ಒಂದರಲ್ಲೇ ಹೆಚ್ಚು ಕೆಲಸ ಆಗಬೇಕು ಅಂದರೆ ಒಂಟಿ ನಳಿಗೆಯ 12 ಬೋರು. ರಿವಾಲ್ವರು ರೈತನ ಹೊಲಕ್ಕೆ ಸೇರಿದ್ದಲ್ಲ. ಎಲ್ಲ ಕೆಲಸಕ್ಕೂ ಆಗುವ ಕೋವಿ ಯಾವ ಕಾರ್ಖಾನೆಯಲ್ಲೂ ಇಲ್ಲ.

ಎರಡು ಮೂರು ಎಕರೆಯವರು ಒಬ್ಬೊಬ್ಬರೂ ಕೋವಿಗೆ ದುಡ್ಡು ಹಾಕುವ ಬದಲು ಅಕ್ಕಪಕ್ಕದವರು ಸೇರಿ ಒಂದೇ ಬೇಲಿ, ಸರದಿ ಕಾವಲು ಮಾಡಿದರೆ ಕಾಯಿ ಹೆಚ್ಚು ಉಳಿಯುತ್ತೆ. ಕಾವಲು ಹಂಚಿಕೊಳ್ಳಬಹುದು. ಕೋವಿ ಮಾತ್ರ ಲೈಸನ್ಸ್ ಇದ್ದವನ ಕೈಬಿಟ್ಟು ಹೋಗಬಾರದು, ಅಣ್ಣತಮ್ಮ ಕೇಳಿದರೂ ಕೊಡಬಾರದು.