ಸವೆದ ಥ್ರೆಡ್‌ಗೆ ಹೊಸ ಹಿಡಿತ

‘ಥ್ರೆಡ್ ಸ್ಲಿಪ್ ಆಗಿದೆ ಸಾರ್, ಚೇಂಬರೇ ಬದಲಾಯಿಸಬೇಕು.’ ಬೈಕ್ ಇಟ್ಟುಕೊಂಡವರಿಗೆ ಗ್ಯಾರೇಜಿನ ಈ ಮಾತು ಹೊಸದಲ್ಲ. ಆಯಿಲ್ ಬದಲಿಸಲು ಬಿಚ್ಚಿದ ಡ್ರೈನ್ ಬೋಲ್ಟ್ ಮತ್ತೆ ಬಿಗಿಯಾಗುವುದಿಲ್ಲ, ಸುಮ್ಮನೆ ತಿರುಗುತ್ತಲೇ ಇರುತ್ತದೆ. ಕೆಳಗೆ ಆಯಿಲ್ ಜಿನುಗುತ್ತದೆ. ಹಾಳಾಗಿರುವುದು ಒಂದು ತೂತಿನ ಒಳಮೈ ಮಾತ್ರ, ಹಣ ತೆರಬೇಕಾಗಿ ಬರುವುದು ಇಡೀ ಬಿಡಿಭಾಗಕ್ಕೆ. ಆ ತೂತಿಗೇ ಹೊಸ ಥ್ರೆಡ್ ಕೂರಿಸುವ ಕಸುಬೊಂದಿದೆ. ಪಳಗಿದ ಕೈ ಸರಿಯಾದ ಅಳತೆಯಲ್ಲಿ ಈ ಕೆಲಸ ಮಾಡಿದರೆ ತೂತು ಮೊದಲಿಗಿಂತ ಗಟ್ಟಿಯಾಗುತ್ತದೆ.

ಹಾಳಾಗುವುದೇಕೆ?

ಬೋಲ್ಟ್ ಉಕ್ಕಿನದು, ಗ್ಯಾರೇಜಿನವರು ಚೇಂಬರ್ ಎನ್ನುವ ಎಂಜಿನ್ ಕೇಸ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡೂ ಒಂದನ್ನೊಂದು ಎಳೆದು ಹಿಡಿದಾಗ ಸೋಲುವುದು ಮೆತ್ತನೆಯ ಲೋಹವೇ. ಬೋಲ್ಟ್ ಬಿಗಿದಾಗ ಭಾರ ಎಲ್ಲ ಸುತ್ತುಗಳ ಮೇಲೂ ಸಮನಾಗಿ ಬೀಳುವುದಿಲ್ಲ. ಮೊದಲ ಸುತ್ತೊಂದೇ ಸುಮಾರು ಮೂರನೇ ಒಂದು ಪಾಲನ್ನು ಹೊರುತ್ತದೆ. ಅದು ಕಿತ್ತರೆ ಆ ಹೊರೆ ಎರಡನೆಯದರ ಮೇಲೆ, ಅದೂ ಸೋತರೆ ಮೂರನೆಯದರ ಮೇಲೆ. ಬಿಚ್ಚಿದ ಬೋಲ್ಟಿನ ಸಂದುಗಳಲ್ಲಿ ಸುತ್ತಿಕೊಂಡು ಬರುವ ಬೆಳ್ಳಗಿನ ಲೋಹದ ಎಳೆ ಈ ಸೋಲಿನ ಗುರುತು.

ಕಾರಣಗಳು ಹಲವು. ಉದ್ದ ಹಿಡಿಯ ಸ್ಪಾನರ್ ಹಾಕಿ ಅಳತೆ ಮೀರಿ ಬಿಗಿಯುವುದು ಮೊದಲನೆಯದು. ಬೋಲ್ಟನ್ನು ಓರೆಯಾಗಿ ಹತ್ತಿಸುವುದು ಎರಡನೆಯದು. ಮೂರನೆಯದು, ಬೇರೆ ಜಾತಿಯ ಬೋಲ್ಟನ್ನು ಬಲವಂತವಾಗಿ ತೂರಿಸುವುದು. ಹಳೆಯ ಬ್ರಿಟಿಷ್ ಯಂತ್ರಗಳಲ್ಲಿ ಇದು ಹೆಚ್ಚು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಥ್ರೆಡ್‌ನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್ ಥ್ರೆಡ್‌ನದು 60 ಡಿಗ್ರಿ. 5/16 ಇಂಚಿನ ವಿಟ್‌ವರ್ತ್ ಬೋಲ್ಟ್ 7.94 ಮಿ.ಮೀ. ದಪ್ಪ, ಎಂ8 ಬೋಲ್ಟ್ 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಸುತ್ತಿನಿಂದ ಸುತ್ತಿಗೆ ಇರುವ ಅಂತರ, ಅಂದರೆ ಪಿಚ್, ಮೊದಲನೆಯದರಲ್ಲಿ 1.41 ಮಿ.ಮೀ., ಎರಡನೆಯದರಲ್ಲಿ 1.25. ಹಾಗಾಗಿ ಬಲ್ಲ ಮೆಕ್ಯಾನಿಕ್ ಸ್ಪಾನರ್ ಹಿಡಿಯುವ ಮೊದಲು ಪಿಚ್ ಗೇಜ್ ಹಿಡಿಯುತ್ತಾನೆ.

ಹಳೆಯ ದಾರಿಗಳು

ಮೊದಲ ಉಪಾಯ, ತೂತು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕುವುದು. ಸುತ್ತ ಲೋಹ ಸಾಕಷ್ಟಿದ್ದರೆ ಇದು ನಡೆಯುತ್ತದೆ. ಗೋಡೆ ತೆಳುವಾಗಿದ್ದರೆ ಬಿರುಕು ಬಿಡುತ್ತದೆ. ಮೇಲೆ ಕೂರುವ ಭಾಗದ ತೂತನ್ನೂ ದೊಡ್ಡದು ಮಾಡಬೇಕಾಗುತ್ತದೆ. ಎರಡನೆಯದು, ಆರ್ಗಾನ್ ವೆಲ್ಡಿಂಗ್‌ನಿಂದ ತೂತು ತುಂಬಿಸಿ ಮತ್ತೆ ಟ್ಯಾಪ್ ಹೊಡೆಯುವುದು, ಅಂದರೆ ಹೊಸದಾಗಿ ಥ್ರೆಡ್ ಕೊರೆಯುವುದು. ಬಿಸಿಗೆ ಅಲ್ಯೂಮಿನಿಯಂ ಸೊಟ್ಟಗಾಗಬಹುದು, ಗಟ್ಟಿತನವನ್ನೂ ಕಳೆದುಕೊಳ್ಳಬಹುದು. ಟೆಫ್ಲಾನ್ ಟೇಪ್ ಸುತ್ತುವುದು ಸೋರಿಕೆಯನ್ನು ಕೆಲದಿನ ತಡೆದೀತು, ಬಲ ಕೊಡಲಾರದು.

ತಂತಿಯ ಸುರುಳಿ

ಇವೆಲ್ಲಕ್ಕಿಂತ ಜಾಣ ಪರಿಹಾರ, ಮೆಕ್ಯಾನಿಕ್‌ಗಳು ‘ಹೆಲಿಕಾಯಿಲ್’ ಎಂದು ಕರೆಯುವ ಸುರುಳಿ. ವಜ್ರಾಕೃತಿಯ ಅಡ್ಡಕೊಯ್ತವಿರುವ ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು ಸ್ಪ್ರಿಂಗ್‌ನಂತೆ ಸುತ್ತಿ ಇದನ್ನು ಮಾಡುತ್ತಾರೆ. ತಂತಿಯ ಹೊರಅಂಚು ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುತ್ತದೆ, ಒಳಅಂಚು ಬೋಲ್ಟಿಗೆ ಥ್ರೆಡ್ ಆಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ, ವಿಮಾನಗಳ ಹಗುರ ಲೋಹದ ಭಾಗಗಳಿಗಾಗಿ ಬೆಳೆದ ತಂತ್ರವಿದು. ಲೈಕಮಿಂಗ್, ಕಾಂಟಿನೆಂಟಲ್ ವಿಮಾನ ಎಂಜಿನ್‌ಗಳ ಸ್ಪಾರ್ಕ್ ಪ್ಲಗ್ ತೂತುಗಳಿಗೆ ಈ ಸುರುಳಿಯನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಇದನ್ನು ತೇಪೆಯೆಂದು ಕಡೆಗಣಿಸುವವರು ಈ ಸಂಗತಿಯನ್ನು ನೆನಪಿಡಬೇಕು.

ಎಂ8 ತೂತಿಗೆ ಇದನ್ನು ಕೂರಿಸುವ ಕ್ರಮ ಹೀಗೆ: ಕೆಟ್ಟ ಥ್ರೆಡ್ಡನ್ನು 8.3 ಅಥವಾ 8.4 ಮಿ.ಮೀ. ಡ್ರಿಲ್‌ನಿಂದ ತೆಗೆಯಬೇಕು. ಸುರುಳಿಗೆಂದೇ ಇರುವ ಟ್ಯಾಪ್ ಹಾಕಬೇಕು. ಅದರ ಪಿಚ್ 1.25ರದ್ದೇ, ದಪ್ಪ ಮಾತ್ರ ಹೆಚ್ಚು. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬಿಡುತ್ತಾ, ಸ್ವಲ್ಪ ಮುಂದಕ್ಕೆ ತಿರುಗಿಸಿ ಸ್ವಲ್ಪ ಹಿಂದಕ್ಕೆ ತಂದು ಚೂರು ಮುರಿಯಬೇಕು. ತೂತನ್ನು ಶುಚಿ ಮಾಡಿ, ಸುರುಳಿಯನ್ನು ಅದಕ್ಕೆಂದೇ ಇರುವ ಹಿಡಿಕೆಯಿಂದ ತಿರುಗಿಸಿ ಇಳಿಸಬೇಕು. ಮೇಲ್ಮೈಗಿಂತ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಒಳಗೆ ನಿಂತರೆ ಸರಿ. ಕೊನೆಗೆ ತುದಿಯ ಅಡ್ಡ ಬಾಲವನ್ನು ಮುರಿದು ಹೊರಗೆ ತೆಗೆಯಲೇಬೇಕು. ಅದು ಎಂಜಿನ್ನೊಳಗೆ ಬಿದ್ದರೆ ದೊಡ್ಡ ಅನಾಹುತ.

ಸುರುಳಿಯ ಸಹಜ ದಪ್ಪ ತೂತಿಗಿಂತ ತುಸು ಹೆಚ್ಚು. ಒಳಗಿಳಿದ ಮೇಲೆ ಅದು ಹಿಗ್ಗಲು ಹವಣಿಸುತ್ತದೆ, ಆ ಒತ್ತಡದಿಂದಲೇ ಅಲುಗದೆ ಕೂರುತ್ತದೆ. ಅಲ್ಯೂಮಿನಿಯಂನಲ್ಲಿ ಹಿಡಿತದ ಸುತ್ತಳತೆ ಹೆಚ್ಚಾಗುತ್ತದೆ. ತಂತಿ ಅಲ್ಪಸ್ವಲ್ಪ ಬಾಗುವುದರಿಂದ ಭಾರವೂ ಹಲವು ಸುತ್ತುಗಳಿಗೆ ಹಂಚಿಹೋಗುತ್ತದೆ. ತೂತು ಮೊದಲಿಗಿಂತ ಗಟ್ಟಿಯಾಗುವುದರ ಗುಟ್ಟು ಇದು.

ಯೆಜ್ಡಿಗೆ ಬುಷ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿದ್ದಾರೆ. ಸ್ಪಾರ್ಕ್ ಪ್ಲಗ್ ಪದೇ ಪದೇ ಬಿಚ್ಚಿ ಹಾಕಿ ಈ ಬೈಕುಗಳ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ನ 14 ಮಿ.ಮೀ. ಥ್ರೆಡ್ ಸವೆಯುವುದುಂಟು. ಅಲ್ಲಿ ಬುಷ್ ನೆರವಿಗೆ ಬರುತ್ತದೆ. ಹೊರಗೂ ಒಳಗೂ ಥ್ರೆಡ್ ಇರುವ ಗಟ್ಟಿ ಲೋಹದ ಕೊಳವೆ ಅದು. ಲೇತ್ ಮೇಲೆ ಕಡೆದು ಮಾಡುತ್ತಾರೆ. ಹೆಡ್ ಬಿಚ್ಚಿ ಹೊರತೆಗೆದ ಮೇಲೆಯೇ ಈ ಕೆಲಸ ಮಾಡಬೇಕು. ಬುಷ್ ಹೆಡ್‌ಗೆ ಬಿಗಿಯಾಗಿ ಅಂಟಿ ಕೂರದಿದ್ದರೆ ಪ್ಲಗ್ಗಿನ ಶಾಖ ಹೊರಹೋಗುವುದಿಲ್ಲ. ಬುಷ್‌ನ ತುದಿ ಸಿಲಿಂಡರಿನೊಳಕ್ಕೆ ಚಾಚಿದರೆ ಕಾದು ಕೆಂಪಾಗಿ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ.

ಈ ಕಸುಬಿಗೆ ನಮ್ಮಲ್ಲಿ ಒಳ್ಳೆಯ ನೆಲವಿದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ನೆಲೆಯಾದ ಎಚ್‌ಎಂಟಿ ಎರಡೂ ಲೇತ್ ತಯಾರಿಸಿದ ಕಾರ್ಖಾನೆಗಳು. ಊರೂರಿನ ವರ್ಕ್‌ಶಾಪ್‌ಗಳಲ್ಲಿ ಆ ಹೆಸರಿನ ಲೇತ್‌ಗಳ ಮೇಲೆ ಕೈ ಪಳಗಿಸಿಕೊಂಡವರು ಬಹಳ ಮಂದಿ. ಬಿಡಿಭಾಗವೇ ಸಿಗದ ಹಳೆಯ ಪಂಪು, ಟ್ರ್ಯಾಕ್ಟರು, ಬೈಕುಗಳನ್ನು ಉಳಿಸುತ್ತಿರುವುದು ಅವರ ವಿದ್ಯೆಯೇ.

ನಿಮ್ಮ ಕೈಯಲ್ಲಿರುವುದು

ಬೋಲ್ಟನ್ನು ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹತ್ತಿಸಿ. ಬೆರಳಿಗೆ ಬಾರದಿದ್ದರೆ ಹೊರತೆಗೆದು ಮತ್ತೆ ಹಚ್ಚಿ, ಸ್ಪಾನರ್‌ನಿಂದ ಬಲವಂತ ಬೇಡ. ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಬಿಗಿಯುವಾಗ ಕಂಪನಿಯ ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚ್ ಬಳಸಿ. ಇಷ್ಟಾದರೂ ಥ್ರೆಡ್ ಹೋದರೆ, ಹೊಸ ಭಾಗಕ್ಕೆ ಹಣ ಕೊಡುವ ಮುನ್ನ ‘ಹೆಲಿಕಾಯಿಲ್ ಅಥವಾ ಬುಷ್ ಹಾಕಬಹುದೇ?’ ಎಂದು ಕೇಳಿ. ಅಳತೆ ನೋಡಿ ಉತ್ತರ ಕೊಡುವ ಲೇತ್ ಕೆಲಸಗಾರರು ನಿಮ್ಮೂರಿನಲ್ಲಿದ್ದರೆ ಅವರಿಗೇ ಕೆಲಸ ಕೊಡಿ, ಅವರ ಶ್ರಮಕ್ಕೆ ತಕ್ಕ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.